650 ಪದ ಎಂದರೆ ಅಷ್ಟನ್ನೂ ತುಂಬಿಸಬೇಕೆಂದಲ್ಲ

ಜನವರಿ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಅಮೆರಿಕದ ಅನೇಕ ಖಾಸಗಿ ವಿಶ್ವವಿದ್ಯಾಲಯಗಳಿಗೆ ಟ್ರಾನ್ಸ್‌ಫರ್ ಅರ್ಜಿ, ಅಂದರೆ ಓದುತ್ತಿರುವ ಕಾಲೇಜು ಬಿಟ್ಟು ನಡುವೆ ಸೇರಿಕೊಳ್ಳುವ ಅರ್ಜಿ, ಹಾಕಲು ಮಾರ್ಚ್‌ನಲ್ಲಿ ಕೊನೆಯ ದಿನ. ಎರಡನೇ ವರ್ಷದಲ್ಲಿ ಓದುತ್ತಿರುವ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮ, ಅರ್ಜಿಯ ಜೊತೆ ಕೊಡುವ ಎಸ್ಸೆ (ಪ್ರಬಂಧ) ಎಷ್ಟುದ್ದ ಇರಬೇಕೆಂದು ಕೇಳುತ್ತಾರೆ. ಹೋದ ವರ್ಷವೂ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಚುಟುಕಾಗಿ.

ಮೇಡಂ, ನನ್ನ ಮಗ ಬೆಂಗಳೂರಿನಲ್ಲಿ ಬಿ.ಇ. ಎರಡನೇ ವರ್ಷ. ಅಮೆರಿಕಕ್ಕೆ ಟ್ರಾನ್ಸ್‌ಫರ್ ಆಗಬೇಕೆಂದಿದ್ದಾನೆ. ಎಸ್ಸೆ 980 ಪದ ಆಗಿದೆ. ಮಿತಿ 650 ಅಂತೆ. ಪರವಾಗಿಲ್ಲ, ಬೇರೆ ಫೈಲ್ ಮಾಡಿ ಲಗತ್ತಿಸೋಣ ಅಂತಾರೆ ಏಜೆಂಟ್. 650ಕ್ಕೆ ಒಂದು ಪದವೂ ಕಡಿಮೆ ಇರಬಾರದು ಅಂತ ಡಲ್ಲಾಸ್‌ನಲ್ಲಿರುವ ನನ್ನ ತಮ್ಮ. ಯಾರೂ ಓದಲ್ಲ, 300 ಸಾಕು ಅಂತ ಮಗನ ಸ್ನೇಹಿತ. ಯಾರ ಮಾತು ಕೇಳಲಿ? — ಮೈಸೂರಿನ ಒಬ್ಬ ತಾಯಿ

ಮೂವರ ಮಾತನ್ನೂ ಕೇಳಬೇಡಿ. ಮಗ ಅರ್ಜಿ ಹಾಕುತ್ತಿರುವ ಕಾಲೇಜಿನ ಪುಟದಲ್ಲಿ, ಟ್ರಾನ್ಸ್‌ಫರ್ ಅರ್ಜಿದಾರರಿಗೆ ಎಂದು ಬರೆದಿರುವ ಕಡೆ ಏನಿದೆಯೋ ಅದನ್ನು ಓದಿ. ಈ 650 ಎಂಬ ಅಂಕಿ ಎಲ್ಲರ ತಲೆಯಲ್ಲಿ ಕೂತಿರುವುದು ಕಾಮನ್ ಆ್ಯಪ್‌ನಿಂದ, ಅಂದರೆ ಅನೇಕ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣದಿಂದ. ಹೊಸದಾಗಿ ಮೊದಲ ವರ್ಷಕ್ಕೆ ಸೇರುವವರಿಗೆ ಅಲ್ಲಿ 250ರಿಂದ 650 ಪದ. ಟ್ರಾನ್ಸ್‌ಫರ್‌ಗೆ ಬಂದರೆ ಕಾಲೇಜಿಗೊಂದು ಕಟ್ಟಳೆ. ಕೆಲವರು ಒಂದೇ ಉದ್ದನೆಯ ಎಸ್ಸೆ ಕೇಳುತ್ತಾರೆ, ಕೆಲವರು ಎರಡು ಮೂರು ಚಿಕ್ಕ ಉತ್ತರ ಕೇಳುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ, ನಾಲ್ಕು ಉತ್ತರ ಕೇಳುತ್ತದೆ, ಒಂದೊಂದಕ್ಕೆ 350 ಪದದ ಮಿತಿ. ಕೆಲವು ಅರ್ಜಿಗಳಲ್ಲಿ ಮಿತಿ ಪದಗಳಲ್ಲಿ ಇರುವುದಿಲ್ಲ, ಅಕ್ಷರಗಳಲ್ಲಿ ಇರುತ್ತದೆ. 3,500 ಅಕ್ಷರ ಎಂದರೆ ಖಾಲಿ ಜಾಗವೂ ಸೇರಿ ಇಂಗ್ಲಿಷ್‌ನಲ್ಲಿ ಹೆಚ್ಚುಕಡಿಮೆ 550ರಿಂದ 600 ಪದ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಆ 650 ನಿಮ್ಮ ಮಗನಿಗೆ ಅನ್ವಯಿಸುತ್ತದೆಯೇ ಎಂಬುದು. ಎಂಟು ಕಾಲೇಜಿಗೆ ಹಾಕುತ್ತಿದ್ದರೆ ಎಂಟರದ್ದೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಾಲೇಜು ಯಾವ ಮಿತಿಯನ್ನೂ ಹೇಳಿಲ್ಲವೇ? 500ರಿಂದ 650ರೊಳಗೆ ಮುಗಿಸಿ. ಮಿತಿ ಹೇಳಿದ್ದರೆ ಅದನ್ನು ದಾಟಬೇಡಿ. ಬೇರೆ ಫೈಲ್ ಲಗತ್ತಿಸುವ ಬುದ್ಧಿ ಹೇಳಿದವರನ್ನು ಇವತ್ತೇ ಬಿಟ್ಟುಬಿಡಿ. ಕೇಳಿದ ಅಳತೆಯಲ್ಲಿ ಬರೆಯಲಾಗದ ಹುಡುಗ ಎಂದು ನೀವೇ ಸಾಕ್ಷಿ ಕಳಿಸಿದಂತಾಗುತ್ತದೆ.

ಇನ್ನು ನಿಮ್ಮ ತಮ್ಮನ ಮಾತು. ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ತುಂಬಿಸಿದರೇನೇ ಅಂಕ ಎಂದು ನಂಬಿ ಬೆಳೆದವರು ನಾವು. ಆ ಅಭ್ಯಾಸ ಇಲ್ಲಿ ಕೈಕೊಡುತ್ತದೆ. 650 ಎಂಬುದು ಗರಿಷ್ಠ ಮಿತಿ. 590ಕ್ಕೆ ಹೇಳಬೇಕಾದದ್ದು ಮುಗಿದರೆ ಅಲ್ಲಿಗೇ ನಿಲ್ಲಿಸಿ. ಆದರೆ 300ಕ್ಕೆ ಮುಗಿದುಹೋಯಿತೆಂದರೆ ನನಗೆ ಅನುಮಾನ ಬರುತ್ತದೆ. ಆ ಹುಡುಗ ಯಾಕೆ ಹೊರಟಿದ್ದಾನೆಂದು ಇನ್ನೂ ಯೋಚಿಸಿಲ್ಲ ಎಂದೇ ಅರ್ಥ.

ಯಾಕೆಂದರೆ ಟ್ರಾನ್ಸ್‌ಫರ್ ಎಸ್ಸೆಯಲ್ಲಿ ಮೂರು ಸಂಗತಿ ಬರಲೇಬೇಕು. ಈಗಿರುವ ಕಡೆ ಯಾಕೆ ಮುಂದುವರಿಯಲಾಗದು, ಇಷ್ಟು ದಿನ ಅಲ್ಲಿ ಏನು ಮಾಡಿದೆ, ಹೋಗುವ ಕಡೆ ನಿರ್ದಿಷ್ಟವಾಗಿ ಏನು ಬೇಕು. ಮೊದಲನೆಯದಕ್ಕೆ ನೂರು ಪದ ಸಾಕು. ನಮ್ಮ ಮಕ್ಕಳು ಅಲ್ಲೇ ನಾನೂರು ಪದ ಸುರಿಯುತ್ತಾರೆ: ಲ್ಯಾಬ್ ಸರಿಯಿಲ್ಲ, ಮೇಷ್ಟ್ರು ಓದಿಸುವುದಿಲ್ಲ, ಹಾಜರಾತಿ ಕಾಟ, ಹಾಸ್ಟೆಲ್ ಊಟ. ಇದನ್ನು ಓದುವವರ ಮುಂದೆ ಹುಡುಗನ ಅಂಕಪಟ್ಟಿಯೂ ಇರುತ್ತದೆ. ದೂರು ಹೇಳುವವನು ನಾಳೆ ನಮ್ಮ ಮೇಲೂ ಹೇಳುತ್ತಾನೆ ಎಂದು ಅವರಿಗೆ ಅನ್ನಿಸಿದರೆ ತಪ್ಪೇನು?

ಒಂದು ಉದಾಹರಣೆ ಕೊಡುತ್ತೇನೆ. ಸಿವಿಲ್ ಓದುತ್ತಿದ್ದ ಹುಡುಗಿಯೊಬ್ಬಳು ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್‌ಗೆ ಟ್ರಾನ್ಸ್‌ಫರ್ ಕೇಳಿದ್ದಳು. ನನ್ನ ಬಳಿ ಬಂದಾಗ ಅವಳ ಕರಡು 1,140 ಪದ. ಶುರುವಿನ ಇನ್ನೂರು ಪದ ಅಜ್ಜನ ತೋಟ, ಬಾಲ್ಯ, ಪ್ರಕೃತಿ ಪ್ರೀತಿ. ಆಮೇಲೆ ಒಂದು ಪುಟದ ತುಂಬ ಕಾಲೇಜಿನ ಮೇಲಿನ ಸಿಟ್ಟು. ಮೂರನೇ ಪುಟದ ಕೊನೆಯಲ್ಲಿ ಎಲ್ಲೋ ಒಂದು ಸಾಲು: ಬೆಳ್ಳಂದೂರು ಕೆರೆಯಿಂದ ಹೊರಬೀಳುವ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸಿದೆ.

ಅದೇನು ಹೇಳಮ್ಮ ಅಂತ ಕೂರಿಸಿ ಕೇಳಿದೆ. 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಗಾಳಿಗುಳ್ಳೆ ಸೇರದ ಹಾಗೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ, ಬಿರಡೆ ಬಿಗಿದು ತಿರುಗಿಸಿದ್ದಾಳೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಬರಬೇಕು. ಅವಳ ಬಾಟಲಿಯಲ್ಲಿ ಬಂದದ್ದು ಬಿಳಿ. ಕೈ ತಪ್ಪಿರಬೇಕೆಂದು ಮರುದಿನ ಮತ್ತೆ ನೀರು ತಂದಳು. ಮತ್ತೆ ಬಿಳಿ. ಆ ನೀರಿನಲ್ಲಿ ಉಸಿರೇ ಇರಲಿಲ್ಲ. ಯಾಕೆ ಹೀಗೆ, ಇದನ್ನು ಸರಿಮಾಡುವ ಲೆಕ್ಕ ಹೇಗೆ ಎಂದು ಕೇಳಹೊರಟರೆ ಅದು ಅವಳ ಪಠ್ಯದಲ್ಲಿ ಇನ್ನೂ ಎಷ್ಟೋ ಸೆಮಿಸ್ಟರ್ ದೂರ, ಬಂದರೂ ಒಂದೇ ವಿಷಯ.

ಎಸ್ಸೆ ಅಲ್ಲಿಂದಲೇ ಶುರುವಾಗಬೇಕಿತ್ತು. ಬಿಳಿ ಗಸಿಯಿಂದ ಶುರುಮಾಡಿಸಿದೆ. ಅಜ್ಜನ ತೋಟ ಹೋಯಿತು. ಅಳು ಬಂತು ಅವಳಿಗೆ, ಆದರೂ ತೆಗೆಸಿದೆ. ಕಾಲೇಜಿನ ಮೇಲಿನ ದೂರೆಲ್ಲ ಹೋಗಿ, ಆ ಪಠ್ಯದ ಮಾತೊಂದೇ ಉಳಿಯಿತು, ಎರಡು ವಾಕ್ಯದಲ್ಲಿ. ಹೋಗುವ ಕಡೆಯ ಯಾವ ಕೋರ್ಸ್, ಯಾವ ಪ್ರಯೋಗಾಲಯ ಅವಳ ಪ್ರಶ್ನೆಗೆ ನೆರವಾಗುತ್ತದೆ ಎಂಬುದಕ್ಕೆ ಮುನ್ನೂರರ ಹತ್ತಿರ ಪದ. ಒಟ್ಟು 588. ಉದ್ದವನ್ನು ನಾವು ಮೊದಲೇ ಗೊತ್ತುಮಾಡಿರಲಿಲ್ಲ. ಬೇಡದ್ದು ಹೋದ ಮೇಲೆ ಉಳಿದದ್ದೇ ಅಷ್ಟು.

ನಿಮ್ಮ ಮಗನ 980ರಲ್ಲೂ ಇಂಥದ್ದೊಂದು ಸಾಲು ಎಲ್ಲೋ ಅಡಗಿ ಕೂತಿರುತ್ತದೆ. ಅದನ್ನು ಅವನೇ ಹುಡುಕಲಿ. ಆಮೇಲೆ ಪ್ರತಿ ಪ್ಯಾರಾದಲ್ಲೂ ಹೋಗುವ ಕಾಲೇಜಿನ ಹೆಸರನ್ನು ಬೆರಳಿನಿಂದ ಮುಚ್ಚಿ ಓದಲಿ. ಬೇರೆ ಯಾವ ಕಾಲೇಜಿನ ಹೆಸರು ಹಾಕಿದರೂ ನಡೆಯುವಂತಿದ್ದರೆ ಆ ಪ್ಯಾರಾ ಇನ್ನೂ ಆಗಿಲ್ಲ. ವಿಶ್ವದ ಅತ್ಯುತ್ತಮ ಪ್ರಾಧ್ಯಾಪಕರು, ಸುಂದರ ಕ್ಯಾಂಪಸ್ ಎಂಬ ಮಾತುಗಳಿಗೆ ಒಂದು ಪದವೂ ಖರ್ಚಾಗಬಾರದು.

ಮನೆಯಲ್ಲಿ ಕನ್ನಡದಲ್ಲೇ ಯೋಚಿಸುವ ಮಕ್ಕಳಿಗೆ ಇನ್ನೊಂದು ಮಾತು. ಕನ್ನಡದಲ್ಲಿ ಮೊದಲ ಕರಡು ಬರೆದುಕೊಳ್ಳುವುದು ಒಳ್ಳೆಯದೇ, ಮನಸ್ಸಿನ ಮಾತು ಬೇಗ ಬರುತ್ತದೆ. ಆದರೆ ನಮ್ಮ ‘ಹೋಗಬೇಕಾಗಿತ್ತು’ ಒಂದೇ ಪದ, ಅದು ಇಂಗ್ಲಿಷ್‌ಗೆ ಹೋದರೆ ‘ಐ ಹ್ಯಾಡ್ ಟು ಗೋ’, ನಾಲ್ಕು. ಕನ್ನಡದಲ್ಲಿ 600 ಬರೆದು ನೆಮ್ಮದಿಯಾಗಿ ಕೂತವರು ಆಮೇಲೆ ಗಾಬರಿಯಾಗುತ್ತಾರೆ. ಕನ್ನಡ ಕರಡು 400ರ ಆಸುಪಾಸಿನಲ್ಲಿರಲಿ.

ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಕಾಲೇಜು) ಓದುತ್ತಿದ್ದಾಳೆ. ಯುಸಿಯ ನಾಲ್ಕೂ ಉತ್ತರ ಪೂರ್ತಿ 350 ಇರಬೇಕೇ? — ದಾವಣಗೆರೆಯಿಂದ

ಬೇಕಿಲ್ಲ. ಆರಿಸಿಕೊಂಡ ವಿಷಯಕ್ಕೆ ಹೇಗೆ ತಯಾರಾಗಿದ್ದೀಯ ಎಂಬ ಕಡ್ಡಾಯ ಪ್ರಶ್ನೆಗೆ ಪೂರ್ತಿ ಜಾಗ ಬಳಸಲಿ, ಟ್ರಾನ್ಸ್‌ಫರ್‌ನಲ್ಲಿ ಅದೇ ಮುಖ್ಯ. ಏಳು ಪ್ರಶ್ನೆಗಳಲ್ಲಿ ಆರಿಸುವ ಮಿಕ್ಕ ಮೂರು 250ಕ್ಕೆ ನಿಂತರೂ ಅಡ್ಡಿಯಿಲ್ಲ. ಅದಕ್ಕೂ ಮೊದಲು ಅವಳ ಕೋರ್ಸ್‌ಗಳು ಯುಸಿಯಲ್ಲಿ ಲೆಕ್ಕಕ್ಕೆ ಬರುತ್ತವೆಯೇ ಎಂದು ಅಸಿಸ್ಟ್ (assist.org) ಜಾಲತಾಣದಲ್ಲಿ ನೋಡಲಿ. ಕೋರ್ಸ್ ಕೊರತೆಯನ್ನು ಯಾವ ಎಸ್ಸೆಯೂ ತುಂಬುವುದಿಲ್ಲ. ಯುಸಿಯಲ್ಲದ ಇನ್ನೊಂದು ವಿಶ್ವವಿದ್ಯಾಲಯ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್‌ಗಳ ಸಾಮಾನ್ಯ ಅರ್ಜಿಗೆ ಎಸ್ಸೆಯೇ ಇಲ್ಲ. ಅದಕ್ಕಾಗಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

60,000 ರೂಪಾಯಿಗೆ ಎಸ್ಸೆ ಬರೆದುಕೊಡುತ್ತೇವೆ, ಸೀಟು ಗ್ಯಾರಂಟಿ ಎನ್ನುತ್ತಿದ್ದಾರೆ. ಕೊಡಬಹುದೇ? — ಹುಬ್ಬಳ್ಳಿಯಿಂದ

ಕೊಡಬಾರದು. ಇಂಥವರನ್ನು ನಂಬಿ ಕೆಟ್ಟ ಮಕ್ಕಳನ್ನು ಕಂಡಿದ್ದೇನೆ, ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಒಂದೇ ಎಸ್ಸೆಯ ಹೆಸರು ಊರು ಬದಲಿಸಿ ಹತ್ತು ಮಂದಿಗೆ ಮಾರುತ್ತಾರೆ. ಯುಸಿ ಕೃತಿಚೌರ್ಯದ ತಪಾಸಣೆ ಮಾಡುತ್ತದೆ. ಇದು ನನ್ನದೇ ಬರಹ ಎಂದು ಅರ್ಜಿಯ ಕೊನೆಯಲ್ಲಿ ಸಹಿ ಹಾಕುವುದು ಅರ್ಜಿದಾರರು, ಏಜೆಂಟ್ ಅಲ್ಲ. ಸುಳ್ಳೆಂದು ಗೊತ್ತಾದರೆ ಸಿಕ್ಕ ಸೀಟನ್ನೂ ವಾಪಸ್ ತೆಗೆದುಕೊಳ್ಳಬಹುದು. ಎಐಯಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದನ್ನೂ ಕಾಮನ್ ಆ್ಯಪ್ ವಂಚನೆ ಎಂದೇ ಎಣಿಸುತ್ತದೆ. ಅಮೆರಿಕದ ಸೀಟಿಗೆ ಗ್ಯಾರಂಟಿ ಕೊಡುವ ಅಧಿಕಾರ ಬೆಂಗಳೂರಿನ ಯಾವ ಅಂಗಡಿಗೂ ಇಲ್ಲ.

ಎರಡು ಬ್ಯಾಕ್‌ಲಾಗ್ ಇವೆ. ಎಸ್ಸೆಯಲ್ಲಿ ಎಷ್ಟು ಬರೆಯಲಿ? — ತುಮಕೂರಿನಿಂದ

ಎರಡೇ ವಾಕ್ಯ: ಏನಾಯಿತು, ಆಮೇಲೆ ಏನು ಮಾಡಿದೆ.

ಯಾವ ಫಾಂಟ್, ಎಷ್ಟು ಸ್ಪೇಸಿಂಗ್?

ಆನ್‌ಲೈನ್ ಅರ್ಜಿಯ ಪೆಟ್ಟಿಗೆಗೆ ಅಂಟಿಸುವ ಬರಹಕ್ಕೆ ಇದು ಸಂಬಂಧವೇ ಇಲ್ಲದ ಪ್ರಶ್ನೆ. ದಯವಿಟ್ಟು ಇನ್ನು ಕಳಿಸಬೇಡಿ.

ವಿಟಿಯು ಒಳಗೇ ಕಾಲೇಜು ಬದಲಿಸಲು ಎಸ್ಸೆ ಬೇಕೇ? — ಹಾಸನದಿಂದ

ಬೇಡ. ಎರಡೂ ಕಾಲೇಜುಗಳ ಒಪ್ಪಿಗೆ ಪತ್ರ ಬೇಕು. ನಿಮ್ಮ ಕಾಲೇಜಿನ ಕಚೇರಿಯಲ್ಲಿ ಕೇಳಿ.

ಎಸ್ಸೆ ಮುಗಿದಿದೆ. ಇನ್ನೇನು ಬಾಕಿ? — ಶಿವಮೊಗ್ಗದಿಂದ

ಇದನ್ನು ಕೇಳಿದವರು ನೀವೊಬ್ಬರೇ. ಇಲ್ಲಿಯವರೆಗೆ ಓದಿದ ಪ್ರತಿ ವಿಷಯದ ಸಿಲಬಸ್ ಸ್ಕ್ಯಾನ್ ಮಾಡಿಡಿ. ಕ್ರೆಡಿಟ್ ಲೆಕ್ಕ ಹಾಕುವವರು ಅದನ್ನು ಕೇಳುತ್ತಾರೆ, ಸಿಗದಿದ್ದರೆ ಓದಿದ್ದನ್ನೇ ಮತ್ತೆ ಅಲ್ಲಿ ದುಡ್ಡು ಕೊಟ್ಟು ಓದಬೇಕಾದೀತು. ಕಚೇರಿಯಲ್ಲಿ ಮುದ್ರೆ ಹಾಕಿಸಿಕೊಳ್ಳಲು ದಿನ ಹಿಡಿಯುತ್ತದೆ, ಈ ಸೋಮವಾರವೇ ಹೋಗಿ.