ಆರ್ಡುಯಿನೊ ಬೋರ್ಡಿಗೆ ಜೋಡಿಸಿದ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಬೀಪ್ ಮಾಡುತ್ತಲೇ ಇದೆ, ಬ್ರಶ್‌ಲೆಸ್ ಮೋಟಾರ್ ತಿರುಗುತ್ತಿಲ್ಲ. ಏಕೆ?

ಬಹುಮಟ್ಟಿಗೆ ಇಎಸ್‌ಸಿ ಇನ್ನೂ ಆರ್ಮ್ ಆಗಿಲ್ಲ, ಅಂದರೆ ಮೋಟಾರ್ ಓಡಿಸಲು ಸಿದ್ಧವಾಗಿಲ್ಲ. ಬ್ಯಾಟರಿ ಸಿಕ್ಕಿಸಿದೊಡನೆ ಮೋಟಾರ್ ಓಡಿ ಯಾರಿಗೂ ಗಾಯವಾಗಬಾರದೆಂದು, ಥ್ರಾಟಲ್ (ವೇಗದ ಸಿಗ್ನಲ್) ಕೆಳಮಟ್ಟದಲ್ಲಿದೆ ಎಂದು ಖಾತ್ರಿಯಾಗುವವರೆಗೆ ಅದು ಮೋಟಾರನ್ನು ಓಡಿಸುವುದಿಲ್ಲ.

ಈ ಸಿಗ್ನಲ್ ಕಳಿಸಲು ಬಳಸುವ ಆರ್ಡುಯಿನೊದ ಸರ್ವೊ ಲೈಬ್ರರಿಯಲ್ಲಿ (ಸಿದ್ಧ ಕೋಡ್) ಡಿಗ್ರಿ ಲೆಕ್ಕ ಬಿಡಿ. ಅಲ್ಲಿ 0 ಡಿಗ್ರಿ ಅಂದರೆ 544 ಮೈಕ್ರೊಸೆಕೆಂಡಿನ ಪಲ್ಸ್; ಹಲವು ಇಎಸ್‌ಸಿಗಳು ಅದನ್ನು ಸಿಗ್ನಲ್ ಎಂದೇ ಒಪ್ಪುವುದಿಲ್ಲ. ಕೆಳಮಟ್ಟದ ಥ್ರಾಟಲ್ ಆಗಿ ನೇರವಾಗಿ 1000 ಮೈಕ್ರೊಸೆಕೆಂಡಿನ ಪಲ್ಸ್ ಕಳಿಸಿ, ಬೀಪ್ ಸರಣಿ ಮುಗಿಯುವವರೆಗೆ ಕಾಯ್ದು, ಆಮೇಲೆ 1100, 1200 ಎಂದು ನಿಧಾನವಾಗಿ ಏರಿಸಿ. ಪೂರ್ತಿ ವೇಗ 2000ದ ಹತ್ತಿರ.

ಇಎಸ್‌ಸಿ ಸಿಗ್ನಲ್ ಕೇಬಲ್ಲಿನ ಕಪ್ಪು ಅಥವಾ ಕಂದು ವೈರ್ ಆರ್ಡುಯಿನೊ ಗ್ರೌಂಡ್‌ಗೆ ಸೇರಿದೆಯೇ ನೋಡಿ. ಇದನ್ನು ಮರೆಯುವವರೇ ಹೆಚ್ಚು. ಉಲ್ಟಾ ತಿರುಗಿದರೆ ಮೋಟಾರಿನ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಪರೀಕ್ಷೆ ಮುಗಿಯುವವರೆಗೆ ಪ್ರೊಪೆಲ್ಲರ್ ಮಾತ್ರ ಹಾಕಲೇಬೇಡಿ.