ಯಾರ ಮಾತು ಯಾವುದೆಂದು ಒಪ್ಪಂದ ಕೇಳಲಿಲ್ಲ

ಪ್ರಶ್ನೆ: 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡವು ಎಂದು ಓದಿದೆ. ಯಾರು ಗ್ರೀಕ್, ಯಾರು ಟರ್ಕ್ ಎಂದು ಹೇಗೆ ಗುರುತಿಸಿದರು? ಬಿಟ್ಟುಹೋದ ಮನೆ, ಹೊಲಕ್ಕೆ ಏನು ಸಿಕ್ಕಿತು? 1947ರಲ್ಲಿ ನಮ್ಮಲ್ಲಿ ಆದದ್ದೂ ಇದೇ ಅಲ್ಲವೇ?
(ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ)

ಉತ್ತರ: ಉತ್ತರಪತ್ರಿಕೆಯಲ್ಲಿ ‘ಗ್ರೀಕರು ಮತ್ತು ಟರ್ಕರು’ ಎಂದು ಬರೆಯಬೇಡಿ. 1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೌಸೇನ್‌ನಲ್ಲಿ ಸಹಿಯಾದ ಒಪ್ಪಂದದ ಮೊದಲ ಕಲಮಿನಲ್ಲಿ ಇರುವುದು ಟರ್ಕಿಯ ಗ್ರೀಕ್ ಆರ್ಥೊಡಾಕ್ಸ್ ಧರ್ಮೀಯರು ಮತ್ತು ಗ್ರೀಸಿನ ಮುಸ್ಲಿಮರು. ಮನೆಮಾತು ಲೆಕ್ಕಕ್ಕೇ ಇಲ್ಲ. ಟರ್ಕಿಯ ಅನತೋಲಿಯಾ ಪ್ರದೇಶದ ಕರಮನ್ಲಿ ಕ್ರೈಸ್ತರು ಆಡುತ್ತಿದ್ದುದು ಟರ್ಕಿಶ್. ಅದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆಯುತ್ತಿದ್ದರು, ನಮ್ಮ ಕರಾವಳಿಯವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ಹಾಗೆ. ಅವರನ್ನು ಗ್ರೀಸಿಗೆ ಕಳಿಸಿದರು. ಗ್ರೀಕ್ ಮಾತನಾಡುತ್ತಿದ್ದ ಕ್ರೀಟ್ ದ್ವೀಪದ ಮುಸ್ಲಿಮರನ್ನು ಟರ್ಕಿಗೆ ಸಾಗಿಸಿದರು. ಇದೇ ಅಳತೆಗೋಲನ್ನು ಶಿಗ್ಗಾಂವಿ ಸೀಮೆಗೆ ಹಿಡಿದು ನೋಡಿ. ಕನ್ನಡದಲ್ಲಿ ತತ್ವಪದ ಹಾಡಿದ, ಗೋವಿಂದಭಟ್ಟರಿಗೆ ಶಿಷ್ಯರಾದ ಶಿಶುನಾಳ ಶರೀಫರೂ ಗಡಿಯಾಚೆಯ ಪಟ್ಟಿಗೇ ಸೇರುತ್ತಿದ್ದರು. ಒಪ್ಪಂದದ ಅನ್ಯಾಯದ ಬೇರು ಇಲ್ಲಿದೆ. ಸುಮಾರು 12 ಲಕ್ಷ ಕ್ರೈಸ್ತರು, ಮೂರೂವರೆಯಿಂದ ನಾಲ್ಕು ಲಕ್ಷ ಮುಸ್ಲಿಮರು ಇದರ ವ್ಯಾಪ್ತಿಗೆ ಬಂದರು. ಮುಖ್ಯವಾಗಿ ವಿನಾಯಿತಿ ಸಿಕ್ಕಿದ್ದು 1918ರ ಅಕ್ಟೋಬರ್ 30ಕ್ಕೆ ಮುಂಚೆ ಇಸ್ತಾಂಬುಲ್‌ನಲ್ಲಿ ನೆಲೆಸಿದ್ದ ಗ್ರೀಕರಿಗೆ ಮತ್ತು ಗ್ರೀಸಿನ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೆ.

ಇನ್ನು ಆಸ್ತಿ. ಒಯ್ಯಲಾಗದ ಸಾಮಾನನ್ನು ಸ್ಥಳೀಯ ಅಧಿಕಾರಿ ಪಂಚನಾಮೆ ಮಾಡಿ, ಬೆಲೆ ಕಟ್ಟಿ, ನಾಲ್ಕು ಪ್ರತಿ ಬರೆಯಬೇಕಿತ್ತು: ಒಂದು ಕಚೇರಿಗೆ, ಒಂದು ಎರಡೂ ದೇಶದವರು, ತಟಸ್ಥರು ಕೂಡಿದ್ದ ಮಿಶ್ರ ಆಯೋಗಕ್ಕೆ, ಒಂದು ಹೋಗುವ ದೇಶದ ಸರ್ಕಾರಕ್ಕೆ, ಕೊನೆಯದು ಮಾಲೀಕನ ಕೈಗೆ. ಮನೆ, ಹೊಲಗಳಿಗೆ ಹನ್ನೊಂದು ಸದಸ್ಯರ ಆ ಆಯೋಗವೇ ಬೆಲೆ ಕಟ್ಟಿ, ಹೊಸ ದೇಶದಲ್ಲಿ ಅಷ್ಟೇ ಬೆಲೆಯ ಆಸ್ತಿ ಕೊಡಿಸಬೇಕು. ಕಾಗದದಲ್ಲಿ ಚೊಕ್ಕ ಏರ್ಪಾಡು. ಆದರೆ ಕ್ರೈಸ್ತರಲ್ಲಿ ಹೆಚ್ಚಿನವರು 1922ರಲ್ಲಿ ಗ್ರೀಕ್ ಸೈನ್ಯ ಟರ್ಕರಿಗೆ ಸೋತ ಹೊತ್ತಿಗೇ ಉಟ್ಟ ಬಟ್ಟೆಯಲ್ಲಿ ಓಡಿಹೋಗಿದ್ದರು. ಉತಾರವೇ ಇಲ್ಲದವನ ಹೊಲಕ್ಕೆ ಬೆಲೆ ಕಟ್ಟುವುದು ಹೇಗೆ? ಲೆಕ್ಕ ವರ್ಷಗಟ್ಟಲೆ ಕುಂಟಿತು. 1930ರ ಜೂನ್ 10ರ ಅಂಕಾರಾ ಒಪ್ಪಂದದಲ್ಲಿ ಎರಡೂ ಸರ್ಕಾರಗಳು ಬಿಟ್ಟುಹೋದ ಆಸ್ತಿಯನ್ನು ತಮ್ಮತಮ್ಮ ವಶಕ್ಕೆ ತೆಗೆದುಕೊಂಡು ಲೆಕ್ಕ ಚುಕ್ತಾ ಮಾಡಿದವು. ನಾಲ್ಕನೇ ಪ್ರತಿ ಇದ್ದವರಿಗೂ ಪೂರ್ತಿ ಬೆಲೆ ಕೇಳಲು ದಾರಿ ಉಳಿಯಲಿಲ್ಲ.

1947ರದು ಬೇರೆ. ಜನ ಹೋಗಲೇಬೇಕೆಂಬ ಒಪ್ಪಂದ ಆಗಿರಲಿಲ್ಲ. ಅವರನ್ನು ಓಡಿಸಿದ್ದು ಕೊಲೆ, ಸುಲಿಗೆ, ಭಯ. ಸರ್ಕಾರಗಳು ಪಂಜಾಬಿನಲ್ಲಿ ಸೈನ್ಯದ ಕಾವಲಿನಲ್ಲಿ ಜನರನ್ನು ಸಾಗಿಸಿದ್ದು ಅದರ ನಂತರ. ಪೂರ್ವ ಪಂಜಾಬಿನಲ್ಲಿ ಮುಸ್ಲಿಮರು ಬಿಟ್ಟುಹೋದ ಭೂಮಿ, ಅತ್ತಲಿಂದ ಬಂದವರು ಕಳೆದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಹಾಗಾಗಿ ಹಿಡುವಳಿ ದೊಡ್ಡದಾದಷ್ಟೂ ಕಡಿತ ಹೆಚ್ಚು. ಮೊದಲ 10 ಎಕರೆಗೆ ಸಿಕ್ಕಿದ್ದು ಏಳೂವರೆ.

ಇನ್ನೊಂದು ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ತಪ್ಪದೆ ಬರೆಯಿರಿ. ಲೌಸೇನ್ ಪ್ರಕಾರ ಹೋದವರು ತಾವು ಬಿಟ್ಟ ದೇಶದ ಸರ್ಕಾರದ ಅನುಮತಿ ಇಲ್ಲದೆ ಮರಳಿ ಬಂದು ನೆಲೆಸುವಂತಿರಲಿಲ್ಲ. ಬಂಗಾಳದ ವಲಸೆಯ ಕಾಲಕ್ಕೆ, 1950ರ ಏಪ್ರಿಲ್ 8ರಂದು ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಲಿಯಾಕತ್ ಅಲಿ ಖಾನ್ ಮಾಡಿಕೊಂಡ ಒಪ್ಪಂದವಾದರೋ, ಆ ವರ್ಷದ ಡಿಸೆಂಬರ್ 31ರೊಳಗೆ ಮರಳಿದವರಿಗೆ ಅವರ ಮನೆ, ಜಮೀನು ಹಿಂದಿರುಗಿಸಬೇಕು ಎಂದಿತು.