ಲಾಗೋಸ್‌ನಿಂದ ಅಕ್ರಾಗೆ ಎರಡು ದಿನ: ಕಾರು ಬೇಡ, ಕೇಪ್ ಕೋಸ್ಟ್ ಈ ಸಲ ಬೇಡ

ಪ್ರಶ್ನೆ: ನಾವು ನಾಲ್ವರು ಲಾಗೋಸ್‌ನಲ್ಲಿ ಒಂದೇ ಕಂಪನಿಯಲ್ಲಿದ್ದೇವೆ. ನಾನು ದಾವಣಗೆರೆಯವನು, ಒಬ್ಬ ಮಂಗಳೂರಿನವನು, ಒಬ್ಬಳು ಚೆನ್ನೈನವಳು, ಇನ್ನೊಬ್ಬ ನೈಜೀರಿಯಾದವನೇ. ಮೇ ಕೊನೆಯ ವಾರ ಶುಕ್ರವಾರ ಸಂಜೆ ಹೊರಟು ಘಾನಾದ ಅಕ್ರಾ ನೋಡಿಕೊಂಡು ಭಾನುವಾರ ರಾತ್ರಿ ವಾಪಸ್ ಬರಬೇಕು. ನೈಜೀರಿಯಾದ ಗೆಳೆಯ ಕಾರಿನಲ್ಲೇ ಹೋಗೋಣ ಅಂತಾನೆ. ಮಂಗಳೂರಿನವನಿಗೆ ಕೇಪ್ ಕೋಸ್ಟ್ ಕೋಟೆ ನೋಡಲೇಬೇಕಂತೆ. ಚೆನ್ನೈನವಳಿಗೆ ರಾತ್ರಿ ಹಾಡು, ಕುಣಿತ ಬೇಕು. ನಾನು ಸಸ್ಯಾಹಾರಿ. ಇದೆಲ್ಲ ಆಗುತ್ತದಾ ಸರ್?

ಉತ್ತರ: ಎಲ್ಲ ಆಗಲ್ಲ. ಮೊದಲು ಕಾರಿನ ವಿಷಯ ಮುಗಿಸಿಬಿಡೋಣ. ಲಾಗೋಸ್‌ನಿಂದ ಅಕ್ರಾಗೆ 500 ಕಿ.ಮೀ.ಗಿಂತ ಕಡಿಮೆಯೇ, ಮ್ಯಾಪಿನಲ್ಲಿ ನೋಡಿದರೆ ಸುಲಭ ಅನ್ನಿಸುತ್ತದೆ. ಆದರೆ ನಡುವೆ ಬೆನಿನ್ ಇದೆ, ಟೋಗೋ ಇದೆ. ಅಂದರೆ ಮೂರು ಗಡಿ, ಒಂದೊಂದು ಗಡಿಯಲ್ಲೂ ಎರಡೆರಡು ದೇಶದ ಇಮಿಗ್ರೇಷನ್ ಸಾಲು, ಜೊತೆಗೆ ದಾರಿಯುದ್ದಕ್ಕೂ ಪೊಲೀಸ್ ಚೆಕ್‌ಪೋಸ್ಟ್. ನಿಮ್ಮ ನೈಜೀರಿಯಾದ ಗೆಳೆಯನಿಗೆ ಇದು ಕಷ್ಟ ಅನ್ನಿಸದೇ ಇರಬಹುದು, ಯಾಕಂದರೆ ಪಶ್ಚಿಮ ಆಫ್ರಿಕಾದ ಇಕೋವಾಸ್ ಒಕ್ಕೂಟದ ದೇಶಗಳವರಿಗೆ ಪರಸ್ಪರ ವೀಸಾ ಬೇಕಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನೀವು ಮೂವರು ಘಾನಾ ವೀಸಾದ ಜೊತೆ ದಾರಿಯ ಎರಡು ದೇಶಗಳ ವೀಸಾ ಕೂಡ ಮಾಡಿಸಬೇಕು. ಶನಿವಾರ ಇಡೀ ರಸ್ತೆಯಲ್ಲೇ ಕಳೆಯುತ್ತದೆ. ವಿಮಾನದಲ್ಲಿ ಸುಮಾರು ಒಂದು ಗಂಟೆ, ಅಷ್ಟೇ. ಅಕ್ರಾದ ಗಡಿಯಾರ ಲಾಗೋಸ್‌ಗಿಂತ ಒಂದು ಗಂಟೆ ಹಿಂದೆ ಇರುವುದರಿಂದ ಹೊರಟ ಹೊತ್ತಿಗೇ ಇಳಿದ ಹಾಗಾಗುತ್ತದೆ. ವಾಪಸ್ ಬರುವಾಗ ಆ ಗಂಟೆಯನ್ನು ಕಳೆದುಕೊಳ್ಳುತ್ತೀರಿ, ಮರೀಬೇಡಿ. ಶುಕ್ರವಾರ ಸಂಜೆ ಲಾಗೋಸ್ ಟ್ರಾಫಿಕ್‌ನಲ್ಲಿ ಐಲ್ಯಾಂಡ್ ಕಡೆಯಿಂದ ಇಕೇಜಾ ವಿಮಾನ ನಿಲ್ದಾಣ ತಲುಪುವುದು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅರ್ಧ ದಿನ ರಜೆ ಹಾಕಿ. ಘಾನಾ ವೀಸಾಕ್ಕೆ ಈಗಲೇ ಅರ್ಜಿ ಕೊಡಿ. ನೈಜೀರಿಯಾಕ್ಕೆ ಮತ್ತೆ ಒಳಗೆ ಬರಲು ನಿಮ್ಮ ವೀಸಾ ಅಥವಾ ವಾಸದ ಕಾರ್ಡ್ ಸರಿಯಿದೆಯಾ ಅಂತಲೂ ಕಂಪನಿಯವರ ಹತ್ತಿರ ಕೇಳಿಟ್ಟುಕೊಳ್ಳಿ, ಹೋಗುವ ಗಲಾಟೆಯಲ್ಲಿ ಎಷ್ಟೋ ಜನ ಇದನ್ನೇ ಮರೆಯುತ್ತಾರೆ.

ಇನ್ನು ತಾರೀಕು. ಚೆನ್ನೈ ಗೆಳತಿಗೆ ಇದು ಬೇಜಾರಿನ ಸುದ್ದಿ. ಅಕ್ರಾದ ಮೂಲ ನಿವಾಸಿಗಳು ಗಾ ಜನ. ಅವರ ದೊಡ್ಡ ಹಬ್ಬ ಹೋಮೊವೊ. ಆ ಹಬ್ಬಕ್ಕೆ ಮುಂಚೆ, ಸಾಮಾನ್ಯವಾಗಿ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಒಂದು ತಿಂಗಳು, ಊರಲ್ಲಿ ಡೋಲು ಬಡಿಯುವಂತಿಲ್ಲ, ಜೋರಾಗಿ ಹಾಡು ಹಾಕುವಂತಿಲ್ಲ. ಬಿತ್ತಿದ ಬೆಳೆ ನೆಮ್ಮದಿಯಾಗಿ ಬೆಳೆಯಲಿ ಅಂತ ಈ ಮೌನ. ಸುಮ್ನೆ ಹೆಸರಿಗೆ ಇರುವ ನಿಯಮ ಅಂದುಕೊಳ್ಳಬೇಡಿ. ಚರ್ಚು, ಬಾರು ಎಲ್ಲರೂ ಸದ್ದು ತಗ್ಗಿಸಬೇಕು, ತಪಾಸಣೆಗೂ ಬರುತ್ತಾರೆ. ಅದೂ ಅಲ್ಲದೆ ಮೇ ಕೊನೆ, ಜೂನ್ ಅಂದರೆ ಅಲ್ಲಿ ಜೋರು ಮಳೆಗಾಲ, ತಗ್ಗಿನ ಬಡಾವಣೆಗಳಲ್ಲಿ ನೀರು ನಿಲ್ಲುತ್ತದೆ. ಸಾಧ್ಯವಾದರೆ ಆಗಸ್ಟ್‌ಗೆ ಮುಂದೂಡಿ. ಅಕ್ರಾದಲ್ಲಿ ವರ್ಷದಲ್ಲೇ ತಂಪಾಗಿರುವ ಕಾಲ ಅದು, ಮಳೆಯೂ ಕಡಿಮೆ, ಹೋಮೊವೊ ಹಬ್ಬವೂ ಸಾಮಾನ್ಯವಾಗಿ ಆಗಲೇ ಬರುತ್ತದೆ. ಡಿಸೆಂಬರ್ ಮಾತ್ರ ಬೇಡ. ಲಂಡನ್, ಅಮೆರಿಕದಿಂದ ಎಲ್ಲರೂ ಮೋಜಿಗೆ ಬಂದಿಳಿಯುತ್ತಾರೆ, ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಕೇಪ್ ಕೋಸ್ಟ್ ಅಕ್ರಾದಿಂದ ಸುಮಾರು 150 ಕಿ.ಮೀ. ಕಸೋವಾ ಅನ್ನುವ ಊರು ದಾಟುವಷ್ಟರಲ್ಲೇ ಗಾಡಿ ಸಾಲು ಸಿಕ್ಕಿಕೊಂಡು, ಒಂದು ಕಡೆಗೇ ಮೂರು ನಾಲ್ಕು ಗಂಟೆ ಆಗುತ್ತದೆ. ಗುಲಾಮರನ್ನು ಕೂಡಿಹಾಕಿದ್ದ ನೆಲಮಾಳಿಗೆಗೆ ಇಳಿದು ಬಂದಮೇಲೆ ಯಾರಿಗೂ ತಕ್ಷಣ ಮಾತು ಬರಲ್ಲ, ಅಂಥ ಜಾಗಕ್ಕೆ ಹೋಗಿ ವಾಚ್ ನೋಡಿಕೊಂಡು ಓಡಿ ಬರುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೆ, ಪಕ್ಕದಲ್ಲೇ ಪೋರ್ಚುಗೀಸರು 1482ರಲ್ಲಿ ಕಟ್ಟಿದ ಎಲ್ಮಿನಾ ಕೋಟೆಗೂ ಸೇರಿಸಿ, ಬೇರೆ ಮೂರು ದಿನ ಇಟ್ಟುಕೊಳ್ಳಿ. ಅದೇ ಚರಿತ್ರೆಯ ಒಂದು ತುಂಡು ಅಕ್ರಾದಲ್ಲೇ ಇದೆ: ಓಸು ಬಡಾವಣೆಯ ಕಡಲಂಚಿನಲ್ಲಿ ಡೇನ್ ಜನ 1660ರ ದಶಕದಲ್ಲಿ ಕಟ್ಟಿದ ಕ್ರಿಸ್ಟಿಯನ್ಸ್‌ಬೋರ್ಗ್ ಕೋಟೆ. ಮುಂದೆ ಬಹಳ ವರ್ಷ ಘಾನಾ ಸರ್ಕಾರ ಅಲ್ಲಿಂದಲೇ ನಡೆಯಿತು. ಒಳಗೆ ಬಿಡುವ ದಿನ, ಹೊತ್ತು ಹೋಟೆಲಿನಲ್ಲಿ ಕೇಳಿ.

ರೂಮು ಓಸುವಿನಲ್ಲೇ ಮಾಡಿ. ವಿಮಾನ ನಿಲ್ದಾಣ ಊರೊಳಗೇ ಇರುವುದರಿಂದ ರಾತ್ರಿ ಹೊತ್ತು ಅರ್ಧ ಗಂಟೆಯಲ್ಲಿ ತಲುಪುತ್ತೀರಿ, ಊಟದ ಜಾಗಗಳಿಗೆ ನಡೆದೇ ಹೋಗಬಹುದು.

ಶನಿವಾರ ಬೆಳಗ್ಗೆ ಮಕೋಲಾ ಮಾರ್ಕೆಟ್‌ಗೆ ಹೋಗಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಅದಕ್ಕೇ ಶನಿವಾರ ಅಂದೆ. ಅಲ್ಲಿ ಹೆಂಗಸರದ್ದೇ ರಾಜ್ಯ. ಬಣ್ಣದ ಅಚ್ಚಿನ ಬಟ್ಟೆ ತಗೊಳ್ಳುವ ಆಸೆ ಇದ್ದರೆ ಚೌಕಾಸಿ ಮಾಡಿ, ಆದರೆ ನಗುನಗುತ್ತಾ ಮಾಡಿ. ಆಮೇಲೆ ಎನ್‌ಕ್ರುಮಾ ಸ್ಮಾರಕ ಉದ್ಯಾನ. ಕ್ವಾಮೆ ಎನ್‌ಕ್ರುಮಾ ಘಾನಾದ ಸ್ವಾತಂತ್ರ್ಯವನ್ನು ಘೋಷಿಸಿದ ಜಾಗ ಅದು, 1957ರ ಮಾರ್ಚ್ 6ರಂದು. ಆಗ ಅದು ಬ್ರಿಟಿಷರ ಪೋಲೋ ಮೈದಾನ. ನೆಹರೂ ಜೊತೆ ಅಲಿಪ್ತ ಚಳವಳಿ ಕಟ್ಟಿದವರಲ್ಲಿ ಈ ಮನುಷ್ಯನೂ ಒಬ್ಬ. 1966ರಲ್ಲಿ ಸೈನ್ಯ ಅವರನ್ನು ಕೆಳಗಿಳಿಸಿದಾಗ ಜನ ಒಡೆದ ಅವರ ಪ್ರತಿಮೆಯನ್ನೂ, ಅದರ ರುಂಡವನ್ನೂ ಅಲ್ಲೇ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಸರಿಪಡಿಸಿ ನಿಲ್ಲಿಸದೆ ಹಾಗೇ ಇಟ್ಟಿದ್ದು ನನಗಂತೂ ಇಷ್ಟವಾಯಿತು. ಮಧ್ಯಾಹ್ನ ಕರಾವಳಿ ರಸ್ತೆಯಲ್ಲೇ ಪೂರ್ವಕ್ಕೆ ಟೆಶಿ ಕಡೆ ಹೋದರೆ ಶವಪೆಟ್ಟಿಗೆ ಮಾಡುವ ಬಡಗಿಗಳು ಸಿಗುತ್ತಾರೆ. ಮೀನುಗಾರ ಸತ್ತರೆ ಮೀನಿನ ಆಕಾರದ ಪೆಟ್ಟಿಗೆ, ಕೋಕೋ ಬೆಳೆದವನಿಗೆ ಕೋಕೋ ಕಾಯಿ, ಕಾರಿನ ಹುಚ್ಚಿದ್ದವನಿಗೆ ಬೆಂಜ್ ಕಾರು! ದಾರಿಯಲ್ಲಿ ಶಾಮಿಯಾನ ಹಾಕಿಕೊಂಡು ಕಪ್ಪು, ಕೆಂಪು ಬಟ್ಟೆ ತೊಟ್ಟ ಜನ ಕಂಡರೆ ಮದುವೆ ಅಂತ ನುಗ್ಗಬೇಡಿ. ಶನಿವಾರ ಅಲ್ಲಿ ಸಾವಿನ ಕಾರ್ಯಗಳ ದಿನ.

ಭಾನುವಾರ ಬೆಳಗ್ಗೆ ಜೇಮ್ಸ್‌ಟೌನ್. ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ, ಅದರ ಸುತ್ತ ಗಾ ಮೀನುಗಾರರ ಹಳೇ ಕೇರಿ. ಮಂಗಳವಾರ ಅವರು ಕಡಲಿಗೆ ಇಳಿಯುವುದಿಲ್ಲ, ಅದು ಸಮುದ್ರ ದೇವರ ದಿನ. ಇಲ್ಲಿನ ಜೇಮ್ಸ್ ಕೋಟೆಯಲ್ಲೇ ಬ್ರಿಟಿಷರು ಎನ್‌ಕ್ರುಮಾರನ್ನು ಸೆರೆಯಲ್ಲಿಟ್ಟಿದ್ದರು. 1951ರಲ್ಲಿ ಜೈಲಿನೊಳಗಿಂದಲೇ ಚುನಾವಣೆ ಗೆದ್ದು ಹೊರಬಂದು ಸರ್ಕಾರ ನಡೆಸಿದರು. ಪಕ್ಕದ ಬುಕೋಮ್ ಕೇರಿ ಬಾಕ್ಸಿಂಗ್‌ಗೆ ಹೆಸರುವಾಸಿ. ಯಾರೋ ಒಬ್ಬ ಬಂದು 'ನಾನೇ ಗೈಡ್' ಅಂತ ಅಂಟಿಕೊಳ್ಳುವುದಂತೂ ಖಂಡಿತ. ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿಕೊಂಡು ಅವನ ಜೊತೆಗೇ ಹೋಗಿ, ಒಬ್ಬೊಬ್ಬರೇ ಅಲೆಯುವುದಕ್ಕಿಂತ ಅದೇ ಮೇಲು. ಕೇಳದೆ ಯಾರ ಫೋಟೋನೂ ತೆಗೀಬೇಡಿ. ಸೈನಿಕರದ್ದು, ಸರ್ಕಾರಿ ಕಟ್ಟಡಗಳದ್ದು ಅಂತೂ ಬೇಡವೇ ಬೇಡ. ಮಧ್ಯಾಹ್ನ ಲಬಾಡಿ ಬೀಚಿನಲ್ಲಿ ಕೂತು ವಿಮಾನದ ಹೊತ್ತಿಗೆ ಹೊರಡಿ. ಅಲೆಯ ಸೆಳೆತ ಜಾಸ್ತಿ, ಮಂಗಳೂರಿನವನಿಗೆ ಈಜು ಬರುತ್ತದೆ ಅಂತ ದೂರ ಬಿಡಬೇಡಿ.

ಊಟ. ನಿಮಗೆ ಹೊಂದುವುದು ರೆಡ್‌ರೆಡ್, ಅಂದರೆ ತಾಳೆ ಎಣ್ಣೆಯಲ್ಲಿ ಮಾಡಿದ ಅಲಸಂದೆ ಗೊಜ್ಜು, ಜೊತೆಗೆ ಕರಿದ ಬಾಳೆ. ಸಂಜೆ ರಸ್ತೆಬದಿ ಸಿಗುವ ಕೆಲೆವೆಲೆ, ಶುಂಠಿ ಖಾರ ಹಚ್ಚಿ ಕರಿದ ಬಾಳೆಹಣ್ಣು, ತಿಂದರೆ ಬಿಡಲ್ಲ ನೀವು. ವಾಚೆ ಅನ್ನುವ ಅಲಸಂದೆ ಅನ್ನವೂ ಚೆನ್ನಾಗಿರುತ್ತದೆ, ಆದರೆ ಅದರ ಮೇಲೆ ಹಾಕುವ ಕಪ್ಪು ಚಟ್ನಿ ಶಿಟೋದಲ್ಲಿ ಒಣಮೀನು, ಸೀಗಡಿ ಇರುತ್ತದೆ, ಜೊತೆಗೆ ದನದ ಚರ್ಮದ ತುಂಡೂ ಹಾಕುತ್ತಾರೆ. 'ನಾನ್‌ವೆಜ್ ಬೇಡ' ಅಂದರೆ ಸಾಲದು. ಮೀನು ಬೇಡ, ಸೀಗಡಿ ಬೇಡ, ಶಿಟೋ ಬೇಡ ಅಂತ ಒಂದೊಂದನ್ನೂ ಬಿಡಿಸಿ ಹೇಳಿ, ಅಲಸಂದೆ ಗೊಜ್ಜಿಗೂ ಮೀನಿನ ಪುಡಿ ಹಾಕಿದ್ದಾರಾ ಕೇಳಿ. ಫೂಫೂ ನಮ್ಮ ಮುದ್ದೆ ಇದ್ದ ಹಾಗೆ, ಅಗಿಯದೆ ನುಂಗುವುದು, ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸಾರು ಮಾತ್ರ ಹೆಚ್ಚಾಗಿ ಮಾಂಸದ್ದೇ. ಎಡಗೈಯಲ್ಲಿ ತಿನ್ನುವುದು, ದುಡ್ಡು ಕೊಡುವುದು ಅಲ್ಲೂ ತಪ್ಪು. ಇನ್ನೊಂದು, ಟೊಮೆಟೊ ಹಾಕಿ ಬೇಯಿಸುವ ಜೊಲೊಫ್ ಅನ್ನ ಎರಡು ದೇಶದಲ್ಲಿ ಯಾರದ್ದು ರುಚಿ ಅಂತ ನಿಮ್ಮ ನೈಜೀರಿಯಾದ ಗೆಳೆಯ ಹೋಟೆಲಿನವರ ಜೊತೆ ಜಗಳ ತೆಗೆದೇ ತೆಗೆಯುತ್ತಾನೆ. ನೀವು ಯಾರ ಪರವೂ ಬಾಯಿ ಬಿಡಬೇಡಿ.

ಓಡಾಟಕ್ಕೆ ಫೋನಿನ ಆ್ಯಪ್‌ನಲ್ಲಿ ಕರೆಸುವ ಟ್ಯಾಕ್ಸಿಗಳಾದ ಬೋಲ್ಟ್, ಊಬರ್, ಯಾಂಗೋ ಮೂರೂ ಇವೆ. ಡ್ರೈವರ್ ಫೋನ್ ಮಾಡಿ ನಗದಾ ಅಂತ ಕೇಳುತ್ತಾನೆ, ಹಾಗಾಗಿ ಕೈಯಲ್ಲಿ ಘಾನಾದ ದುಡ್ಡು ಸೆಡಿ ಚಿಲ್ಲರೆಯಾಗಿ ಇರಲಿ. ನೈಜೀರಿಯಾದ ನೈರಾ ಒಯ್ದು ಬದಲಿಸುವುದಕ್ಕಿಂತ ಡಾಲರ್ ಒಯ್ದು ಲೈಸೆನ್ಸ್ ಇರುವ ಫಾರೆಕ್ಸ್ ಅಂಗಡಿಯಲ್ಲಿ ಬದಲಿಸಿ.

ಭಾರತದವರು ಅಂದ ತಕ್ಷಣ ಯಾರಾದರೂ ಗಾಂಧಿ ಪ್ರತಿಮೆಯ ಮಾತು ತೆಗೆಯಬಹುದು. 2016ರಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಅದನ್ನು ಅನಾವರಣ ಮಾಡಿದ್ದರು. ಆಫ್ರಿಕಾದ ಕಪ್ಪು ಜನರ ಬಗ್ಗೆ ಗಾಂಧಿ ಹಿಂದೆ ಬರೆದದ್ದನ್ನು ಎತ್ತಿ ಅಧ್ಯಾಪಕರು, ವಿದ್ಯಾರ್ಥಿಗಳು ವಿರೋಧ ಮಾಡಿದರು, 2018ರಲ್ಲಿ ಅಲ್ಲಿಂದ ತೆಗೆದರು. ವಾದಕ್ಕೆ ಇಳಿಯದೆ ಅವರು ಹೇಳುವುದನ್ನು ಕೇಳಿ, ಅವರ ಮಾತಿನಲ್ಲೂ ಹುರುಳಿದೆ.

ಪ್ರಶ್ನೆ: ಇಬ್ಬರು ಗೆಳತಿಯರ ಜೊತೆ ಮೈಸೂರಿನಿಂದ ಅಕ್ರಾಗೆ ಹೋಗುತ್ತಿದ್ದೇನೆ, ನನ್ನ ತಮ್ಮ ಅಲ್ಲಿದ್ದಾನೆ. ಹಳದಿ ಜ್ವರದ ಲಸಿಕೆ ಬೇಕೇ ಬೇಕಾ?

ಉತ್ತರ: ಬೇಕೇ ಬೇಕು ತಾಯಿ. ಘಾನಾ ಒಳಗೆ ಬಿಡಲೂ ಅದರ ಹಳದಿ ಪುಸ್ತಕ, ಅಂದರೆ ಲಸಿಕೆಯ ಪ್ರಮಾಣಪತ್ರ, ಕೇಳುತ್ತಾರೆ, ವಾಪಸ್ ಭಾರತಕ್ಕೆ ಬಂದಾಗ ಇಲ್ಲಿಯೂ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಹಾಕಿಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಕಿಸಿದ 10 ದಿನದ ನಂತರ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ಸಾಕು. ಈ ಕೇಂದ್ರಗಳು ಕಡಿಮೆ, ಹಾಕುವ ದಿನಗಳೂ ಕಡಿಮೆ, ಅದಕ್ಕೆ ಟಿಕೆಟ್ ಮಾಡಿಸುವ ಮೊದಲೇ ಫೋನ್ ಮಾಡಿ. ಮೊಟ್ಟೆ ಅಲರ್ಜಿ ಇದ್ದರೆ, ವಯಸ್ಸು 60 ದಾಟಿದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ದಿನ ವಿಚಾರಿಸಿ, ಅಲ್ಲಿ ಸೊಳ್ಳೆ ಕಾಟ ವರ್ಷವಿಡೀ ಇರುತ್ತದೆ.